ಗುಂಡೇಟಿನ ಗಾಯದಲ್ಲಿ ಮದ್ದಿನ ಅವಶೇಷ ಪತ್ತೆ: ಕ್ಯಾಶುವಾಲ್ಟಿಯಿಂದ ಎಫ್‌ಎಸ್‌ಎಲ್‌ವರೆಗೆ ಸಮಗ್ರ ಮಾರ್ಗದರ್ಶಿ

ತಾಲ್ಲೂಕು ಆಸ್ಪತ್ರೆಗೆ ಗುಂಡೇಟಿನ ಕೇಸು ಬರುವುದು ಅಪರೂಪ. ಬಂದಾಗ ಅಂಗಿಯನ್ನು ಕತ್ತರಿಯಿಂದ ಸೀಳಿ, ಗಾಯವನ್ನು ಸೇಲೈನ್‌ನಲ್ಲಿ ತೊಳೆದು, ಬೆಟಡಿನ್ ಹಚ್ಚಿ, ಕಟ್ಟು ಹಾಕಿ ಜಿಲ್ಲಾಸ್ಪತ್ರೆಗೆ ಕಳಿಸುವಷ್ಟರಲ್ಲಿ ಸಾಕ್ಷ್ಯದ ಬಹುಪಾಲು ಸಿಂಕಿನ ಪಾಲಾಗಿರುತ್ತದೆ. ಆಮೇಲೆ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿಯಲ್ಲಿ ‘ಅವಶೇಷ ಕಂಡುಬಂದಿಲ್ಲ’ ಎಂದು ಬರುತ್ತದೆ. ಕೋರ್ಟಿನಲ್ಲಿ ಅದನ್ನೇ ‘ದೂರದಿಂದ ಹಾರಿಸಿದ ಗುಂಡು’ ಎಂದು ಓದುತ್ತಾರೆ. ಎರಡೂ ಬೇರೆ ಬೇರೆ ಮಾತು. ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ತೊಳೆದು ಕಳಿಸಿದ ಚರ್ಮದಿಂದ ಅದು ಏನನ್ನೂ ಹೆಕ್ಕಿಕೊಡಲಾರದು. ಆದ್ದರಿಂದ ಇಲ್ಲಿ ಪ್ರಯೋಗಾಲಯಕ್ಕಿಂತ ಮುಂಚಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದೆ. ವೈದ್ಯಾಧಿಕಾರಿಗಳು, ಶವಾಗಾರದ ಸಿಬ್ಬಂದಿ, ತನಿಖಾಧಿಕಾರಿಗಳು ಮತ್ತು ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಹುಡುಕುತ್ತಿರುವುದು ಏನನ್ನು?

ಟ್ರಿಗರ್ ಎಳೆದಾಗ ನಳಿಗೆಯ ಬಾಯಿಂದ ಗುಂಡೊಂದೇ ಹೊರಬರುವುದಿಲ್ಲ. ಅದರ ಜೊತೆ ಬೆಂಕಿ, ಬಿಸಿ ಅನಿಲ, ಮಸಿ, ಅರೆ ಉರಿದ ಮತ್ತು ಉರಿಯದೆ ಉಳಿದ ಮದ್ದಿನ ಕಾಳು, ಪ್ರೈಮರಿನ (ತೋಟಾದ ಬುಡದಲ್ಲಿದ್ದು ಮದ್ದಿಗೆ ಬೆಂಕಿ ಹಚ್ಚುವ ಮಿಶ್ರಣದ) ಲೋಹದ ಆವಿ ತಣಿದು ಆದ ಅತಿ ಸಣ್ಣ ಗೋಲಿಗಳು, ಗುಂಡಿನ ಮೈಯಿಂದ ಸವೆದ ಸೀಸ ಮತ್ತು ತಾಮ್ರ ಇಷ್ಟೂ ಬರುತ್ತವೆ. ಸಾಮಾನ್ಯ ಪ್ರೈಮರಿನಲ್ಲಿ ಲೆಡ್ ಸ್ಟಿಫ್ನೇಟ್, ಬೇರಿಯಂ ನೈಟ್ರೇಟ್ ಮತ್ತು ಆಂಟಿಮನಿ ಸಲ್ಫೈಡ್ ಇರುತ್ತವೆ. ಸೀಸ, ಬೇರಿಯಂ, ಆಂಟಿಮನಿ ಎಂಬ ತ್ರಿವಳಿಯನ್ನು ಎಲ್ಲರೂ ಹುಡುಕುವುದು ಈ ಕಾರಣಕ್ಕೆ. ಮದ್ದಿನಿಂದ ಸಿಗುವುದು ನೈಟ್ರೇಟ್, ನೈಟ್ರೈಟ್ ಮತ್ತು ನೈಟ್ರೊಸೆಲ್ಯುಲೋಸ್ ಕಾಳುಗಳು.

ಇವೆಲ್ಲ ಒಂದೇ ದೂರ ಹೋಗುವುದಿಲ್ಲ. ಮಸಿ ಹಗುರ, ಗಾಳಿ ತಡೆದ ಕೂಡಲೇ ನಿಲ್ಲುತ್ತದೆ. ಕಾಳಿಗೆ ತೂಕವಿದೆ, ಇನ್ನಷ್ಟು ಮುಂದೆ ಹೋಗಿ ಚರ್ಮಕ್ಕೆ ಚುಚ್ಚುತ್ತದೆ. ಗುಂಡಿನ ಮೈಗೆ ಅಂಟಿದ ಕೊಳೆಯಂತೂ ಗುಂಡು ಹೋದಲ್ಲೆಲ್ಲ ಹೋಗುತ್ತದೆ. ರಂಧ್ರದ ಅಂಚಿಗೆ ಗುಂಡು ಒರಸಿಕೊಂಡು ಹೋದಾಗ ಉಳಿಯುವ ಕಪ್ಪು ಉಂಗುರವನ್ನು, ಅಂದರೆ ಬುಲೆಟ್ ವೈಪನ್ನು, ಹೊಸಬರು ಮಸಿ ಎಂದು ಬರೆದುಬಿಡುತ್ತಾರೆ. ಈ ಉಂಗುರದಲ್ಲೂ ಸೀಸವಿದೆ, ನೂರು ಮೀಟರ್ ದೂರದಿಂದ ಬಂದ ಗುಂಡಿನಲ್ಲೂ ಇರುತ್ತದೆ. ಹಾಗಾಗಿ ‘ಗಾಯದ ಅಂಚಿನಲ್ಲಿ ಸೀಸ ಸಿಕ್ಕಿದೆ’ ಎಂಬ ಒಂದೇ ಸಾಲಿನಿಂದ, ರಂಧ್ರದಲ್ಲಿ ಗುಂಡೋ ಚರೆಯೋ ಹಾದುಹೋಗಿದೆ ಎನ್ನಬಹುದು, ಎಷ್ಟು ದೂರದಿಂದ ಎನ್ನಲಾಗದು. ದೂರದ ಮಾತು ಬರುವುದು ಅಂಚಿನಾಚೆ ಹರಡಿದ ವಿನ್ಯಾಸದಿಂದ.

ಕ್ಯಾಶುವಾಲ್ಟಿಯಲ್ಲಿ

ಜೀವ ಉಳಿಸುವುದೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಳಗಿನ ಕೆಲಸಗಳು ಚಿಕಿತ್ಸೆಗೆ ಅಡ್ಡ ಬರುವುದಿಲ್ಲ. ಹೆಚ್ಚೆಂದರೆ ಎರಡು ನಿಮಿಷ ಹಿಡಿಯುತ್ತವೆ.

ಬಟ್ಟೆ ಕತ್ತರಿಸಲೇಬೇಕಾದರೆ ರಂಧ್ರದಿಂದ ಕನಿಷ್ಠ ಒಂದು ಗೇಣು ದೂರದಲ್ಲಿ, ಹೊಲಿಗೆಯ ಗುಂಟ ಕತ್ತರಿಸಿ. ರಂಧ್ರ ಕತ್ತರಿಗೆ ‘ಒಳ್ಳೆಯ ದಾರಿ’ಯಂತೆ ಕಾಣುತ್ತದೆ, ಬಹಳ ಬಟ್ಟೆಗಳು ಹಾಳಾಗುವುದೇ ಹೀಗೆ. ಕೊಡವಬೇಡಿ, ನೆಲಕ್ಕೆ ಎಸೆಯಬೇಡಿ, ಮುದ್ದೆ ಮಾಡಿ ಪ್ಲಾಸ್ಟಿಕ್ ಕವರಿಗೆ ತುರುಕಬೇಡಿ. ಸ್ವಚ್ಛ ಬಿಳಿ ಕಾಗದದ ಮೇಲೆ ಹರಡಿ, ನೆರಳಿನಲ್ಲಿ ಫ್ಯಾನ್ ಹಾಕದೆ ಒಣಗಲು ಬಿಡಿ. ರಂಧ್ರದ ಜಾಗದಲ್ಲಿ ಮಡಿಕೆ ಬೀಳದಂತೆ ಮಧ್ಯೆ ಕಾಗದವಿಟ್ಟು ಮಡಚಿ.

ಗಾಯಕ್ಕೆ ಬೆಟಡಿನ್ ತಾಗುವ ಮುನ್ನ ಎರಡು ಫೋಟೊ ಬೇಕು. ಒಂದು ದೂರದಿಂದ, ದೇಹದ ಯಾವ ಭಾಗ ಎಂದು ತಿಳಿಯುವಂತೆ. ಇನ್ನೊಂದು ಹತ್ತಿರದಿಂದ, ಚರ್ಮದ ಮಟ್ಟದಲ್ಲಿ ಸ್ಕೇಲ್ ಇಟ್ಟು, ಕ್ಯಾಮೆರಾವನ್ನು ನೆಟ್ಟಗೆ ಲಂಬವಾಗಿ ಹಿಡಿದು. ಮೊಬೈಲ್ ಸಾಕು, ಆದರೆ ಫ್ಲ್ಯಾಷ್ ನೇರವಾಗಿ ಬಿದ್ದರೆ ಒದ್ದೆ ರಕ್ತ ಹೊಳೆದು ಚುಕ್ಕೆಗಳೆಲ್ಲ ಮಾಯವಾಗುತ್ತವೆ. ಪಕ್ಕದಿಂದ ಟಾರ್ಚ್ ಹಿಡಿದು ಇನ್ನೊಂದು ತೆಗೆಯಿರಿ. ತೊಳೆಯಲೇಬೇಕಾದರೆ ಮೊದಲು ಬಳಸಿದ ಗಾಜ್ ಬಟ್ಟೆ, ಮೊದಲ ಡ್ರೆಸಿಂಗ್, ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿದ ಗಾಯದ ಅಂಚು ಇವನ್ನೆಲ್ಲ ಬೇರೆ ಬೇರೆ ಲಕೋಟೆಯಲ್ಲಿ ಎತ್ತಿಡಿ. ಗಾಯದ ಅಂಚು ಕಸದ ಬಕೆಟ್‌ಗೆ ಹೋಗುವುದು ಎಷ್ಟೋ ಥಿಯೇಟರುಗಳಲ್ಲಿ ದಿನದ ರೂಢಿ. ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸು) ಎಂದು ನರ್ಸಿಗೆ ಮೊದಲೇ ಹೇಳಿಟ್ಟರೆ ತಪ್ಪುತ್ತದೆ.

ಎಂಎಲ್‌ಸಿ ರಿಜಿಸ್ಟರಿನಲ್ಲಿ ‘ಎಂಟ್ರಿ’, ‘ಎಕ್ಸಿಟ್’ ಎಂದು ಆಗಲೇ ತೀರ್ಪು ಬರೆಯಬೇಡಿ. ರಂಧ್ರದ ಗಾತ್ರ ಮಿಲಿಮೀಟರಿನಲ್ಲಿ, ಹಿಮ್ಮಡಿಯಿಂದ ಎತ್ತರ, ಮಧ್ಯರೇಖೆಯಿಂದ ದೂರ, ಅಂಚಿನ ಬಣ್ಣ, ಸುತ್ತ ಮಸಿ ಅಥವಾ ಚುಕ್ಕೆ ಇದೆಯೇ, ಕೂದಲು ಸುಟ್ಟಿದೆಯೇ ಎಂದಷ್ಟೇ ಬರೆಯಿರಿ. ಮುಂದೆ ಬರುವ ಎಲ್ಲ ವರದಿಗಳೂ ಈ ನಾಲ್ಕು ಸಾಲಿಗೆ ಹಿಂದಿರುಗುತ್ತವೆ. ಎದುರು ವಕೀಲರು ಮೊದಲು ತೆರೆಯುವ ಪುಟವೂ ಇದೇ.

ಶವವಾದರೆ ಎರಡೂ ಕೈಗಳನ್ನು ಕಾಗದದ ಚೀಲದಲ್ಲಿ ಮುಚ್ಚಿ ಮಣಿಕಟ್ಟಿನಲ್ಲಿ ಟೇಪು ಸುತ್ತಿ. ಪ್ಲಾಸ್ಟಿಕ್ ಚೀಲ ಬೇಡ. ಶೀತಲ ಪೆಟ್ಟಿಗೆಯಿಂದ ಹೊರಗೆ ತೆಗೆದಾಗ ಒಳಗೆ ನೀರು ಹನಿಗಟ್ಟಿ ಕಣಗಳನ್ನು ತೊಳೆದುಬಿಡುತ್ತದೆ. ಬೆರಳಚ್ಚು ತೆಗೆಯುವುದು ಕೈಯ ಮಾದರಿ ಎತ್ತಿದ ಮೇಲೆ.

ಗಾಯವನ್ನು ಓದುವುದು

ಒಳ್ಳೆಯ ಬೆಳಕು, 5ರಿಂದ 10 ಪಟ್ಟು ಹಿಗ್ಗಿಸುವ ಲೆನ್ಸ್, ಸ್ಕೇಲ್ ಇಷ್ಟಿದ್ದರೆ ಬಹುಪಾಲು ಓದಬಹುದು. ಶವವಾದರೆ ಬಟ್ಟೆ ಬಿಚ್ಚುವ ಮುನ್ನ ಎಕ್ಸ್‌ರೇ ಆಗಿರಬೇಕು.

ನಳಿಗೆ ಚರ್ಮಕ್ಕೆ ಒತ್ತಿ ಹಾರಿಸಿದರೆ ಹೊರಗೆ ಮಸಿ ಅಷ್ಟಾಗಿ ಕಾಣುವುದಿಲ್ಲ, ಎಲ್ಲವೂ ಒಳಗೆ ನುಗ್ಗಿರುತ್ತದೆ. ಅಂಚು ಬೆಂದು ಕಪ್ಪಾಗಿರುತ್ತದೆ, ಒರೆಸಿದರೆ ಹೋಗದು. ತಲೆಬುರುಡೆಯ ಮೇಲಾದರೆ ಚರ್ಮ ಮತ್ತು ಮೂಳೆಯ ನಡುವೆ ಅನಿಲ ಉಬ್ಬಿ ನಕ್ಷತ್ರದಂತೆ ಸೀಳುತ್ತದೆ. ಮೂಳೆಯ ಹೊರಪದರದ ಮೇಲೆ ಮಸಿಯ ವೃತ್ತ ಸಿಕ್ಕೀತು. ಚರ್ಮ ಕೊಳೆತು ಹೋದ ಶವದಲ್ಲೂ ಇದು ಉಳಿದಿರಬಹುದು, ಆದ್ದರಿಂದ ಬುರುಡೆಯನ್ನು ತೊಳೆಯುವ ಮುನ್ನ ನೋಡಿ. ಗಾಯದ ಹಾದಿಯ ಸ್ನಾಯು ಕೆಂಪು ಕೆಂಪಾಗಿದ್ದರೆ ಕಾರ್ಬನ್ ಮಾನಾಕ್ಸೈಡ್ ಸೇರಿರುವ ಸಾಧ್ಯತೆ ಇದೆ. ಆ ಸ್ನಾಯುವಿನ ತುಂಡು, ಜೊತೆಗೆ ದೂರದ ಜಾಗದ ಸ್ನಾಯುವಿನ ತುಂಡು ಎರಡನ್ನೂ ತೆಗೆದಿಡಬೇಕು. ಹೋಲಿಕೆಗೆ ಎರಡನೆಯದಿಲ್ಲದೆ ಮೊದಲನೆಯದಕ್ಕೆ ಬೆಲೆಯಿಲ್ಲ.

ಕೈಬಂದೂಕಿನಲ್ಲಿ ಮಸಿ ಕೂರುವುದು ಸಾಮಾನ್ಯವಾಗಿ 15ರಿಂದ 30 ಸೆಂ.ಮೀ. ಒಳಗೆ. ಸಡಿಲ ಮಸಿ ಒದ್ದೆ ಹತ್ತಿಗೆ ಎದ್ದುಬರುತ್ತದೆ. ಮದ್ದಿನ ಕಾಳು ಚುಚ್ಚಿದ ಚುಕ್ಕೆಗಳು, ಟ್ಯಾಟೂಯಿಂಗ್ ಎನ್ನುವುದು, ಒರೆಸಿದರೆ ಹೋಗುವುದಿಲ್ಲ. ಏಕೆಂದರೆ ಅವು ಬಣ್ಣವಲ್ಲ, ಪುಟಾಣಿ ತರಚು ಗಾಯಗಳು. ಇವು ಸುಮಾರು 60ರಿಂದ 90 ಸೆಂ.ಮೀ.ವರೆಗೆ ಸಿಗುತ್ತವೆ. ಚಪ್ಪಟೆ ಬಿಲ್ಲೆಯಂಥ ಕಾಳು ಬೇಗ ನಿಲ್ಲುತ್ತದೆ, ದುಂಡು ಕಾಳು ಗಾಳಿಯನ್ನು ಸೀಳಿಕೊಂಡು ಒಂದು ಮೀಟರಿನವರೆಗೂ ಹೋಗಬಲ್ಲದು. ಹಾಗಾಗಿ ಒಂದೆರಡು ಕಾಳನ್ನು ಚಿಮುಟದಿಂದ ಎತ್ತಿ ಪುಟ್ಟ ಡಬ್ಬಿಯಲ್ಲಿ ಇಡಿ. ದೂರದ ಲೆಕ್ಕದಲ್ಲಿ ಅದರ ಆಕಾರವೇ ಅರ್ಧ ಉತ್ತರ. ಜೀವವಿದ್ದಾಗ ಆದ ಚುಕ್ಕೆ ಕೆಂಪು-ಕಂದು, ಸತ್ತ ಮೇಲಿನದು ಬೂದು-ಹಳದಿ.

ಚುಕ್ಕೆ ಹರಡಿರುವ ವ್ಯಾಪ್ತಿಯನ್ನು ಗಡಿಯಾರದ 12, 3, 6, 9ರ ದಿಕ್ಕಿನಲ್ಲಿ ರಂಧ್ರದ ನಡುವಿನಿಂದ ಅಳೆದು ಬರೆಯಿರಿ. ‘ಸುತ್ತಲೂ ಚುಕ್ಕೆಗಳಿವೆ’ ಎಂದರೆ ಯಾರಿಗೂ ಉಪಯೋಗವಿಲ್ಲ. ವಿನ್ಯಾಸ ಒಂದೆಡೆ ವಾಲಿದ್ದರೆ ಓರೆಯಾಗಿ ಹಾರಿಸಿದ್ದಾರೆ ಎಂದಾಗುತ್ತದೆ. ಆದರೆ ಯಾವ ಕಡೆಯಿಂದ ಎಂಬುದನ್ನು ಮಸಿಯೊಂದನ್ನೇ ನೋಡಿ ಹೇಳಬಾರದು. ನಳಿಗೆ ಓರೆಯಾಗಿ ಚರ್ಮಕ್ಕೆ ತಾಗಿದ್ದರೆ ಸಂದು ಬಿಟ್ಟ ಕಡೆ, ಅಂದರೆ ಬಂದೂಕಿನಿಂದಾಚೆಗೆ, ಮಸಿ ಹೆಚ್ಚು ಚೆಲ್ಲುತ್ತದೆ. ತಾಗದೆ ಕೂದಲೆಳೆಯಷ್ಟು ದೂರದಲ್ಲಿದ್ದರೆ ಕಪ್ಪಾದ ಭಾಗ ಬಂದೂಕಿನ ಕಡೆಗೇ ಹೆಚ್ಚಿರುತ್ತದೆ. ಎರಡೂ ಒಂದಕ್ಕೊಂದು ತಿರುವುಮುರುವು. ರಂಧ್ರದ ಅಂಚಿನಲ್ಲಿ ಗುಂಡು ಚರ್ಮ ತರಚಿದ ಪಟ್ಟಿಯ ಅಗಲ ಮತ್ತು ದೇಹದೊಳಗಿನ ಹಾದಿ ಸೇರಿದರೇ ದಿಕ್ಕು ಸಿಗುವುದು.

ಮೋಸ ಮಾಡುವ ಗುರುತುಗಳು ಬೇಕಾದಷ್ಟಿವೆ. ಒಣಗಿ ಕಪ್ಪಾದ ಅಂಚು ಮಸಿಯಂತೆ ಕಾಣುತ್ತದೆ. ಇರುವೆ ಕಡಿದ ಗುರುತು ಚುಕ್ಕೆಯಂತಿರುತ್ತದೆ, ಶವ ಬಯಲಿನಲ್ಲಿ ಒಂದು ರಾತ್ರಿ ಬಿದ್ದಿದ್ದರೆ ಇದು ಖಂಡಿತ ನೆನಪಿರಲಿ. ಗಾಜು ಅಥವಾ ಮರದ ಬಾಗಿಲು ತೂರಿ ಬಂದ ಗುಂಡು ಚೂರುಗಳನ್ನೂ ತರುತ್ತದೆ. ಅವು ಮಾಡುವ ಗಾಯ ಒರಟು, ಗಾತ್ರದಲ್ಲಿ ಒಂದರಂತೆ ಒಂದಿಲ್ಲ. ಅಂಗೈ, ಅಂಗಾಲುಗಳ ದಪ್ಪ ಚರ್ಮದಲ್ಲಿ ಚುಕ್ಕೆ ಮೂಡುವುದೇ ಕಷ್ಟ. ದಟ್ಟ ತಲೆಗೂದಲು ಮಸಿ, ಕಾಳು ಎರಡನ್ನೂ ತಡೆಯುತ್ತದೆ. ಹಾಗಾಗಿ ತಲೆಯಲ್ಲಿ ಬೋಳಿಸುವ ಮುನ್ನ ಫೋಟೊ, ನಂತರ ಗಾಯದ ಸುತ್ತಲಿನ ಕೂದಲನ್ನು ಕತ್ತರಿಸಿ ಕಾಗದದಲ್ಲಿ ಮಡಚಿ, ಆಮೇಲೆ ನೀರು ಸೋಪು ಇಲ್ಲದೆ ಒಣ ಬ್ಲೇಡಿನಲ್ಲಿ ಬೋಳಿಸಿ. ಶವ ನೀರಿನಲ್ಲಿದ್ದರೆ ಮಸಿ ಹೋಗಿರುತ್ತದೆ, ಚುಕ್ಕೆ ಉಳಿದೀತು. ಕೊಳೆತು ಮೇಲ್ಪದರ ಜಾರಿದರೆ ಚುಕ್ಕೆಯೂ ಅದರ ಜೊತೆ ಹೋಗುತ್ತದೆ.

ಮಾದರಿ ಎತ್ತುವ ಕ್ರಮ

ಕ್ರಮ ತಪ್ಪಿದರೆ ಎಲ್ಲ ತಪ್ಪಿತು. ಒಣ ವಿಧಾನ ಮೊದಲು, ಒದ್ದೆ ವಿಧಾನ ಆಮೇಲೆ, ಕತ್ತರಿ ಕೊನೆಗೆ.

1. ಕೈಗವಸು ಹೊಸದು ಹಾಕಿ. ಬಂದೂಕು ಮುಟ್ಟಿದ ಪೊಲೀಸ್ ಸಿಬ್ಬಂದಿ ಈ ಮೇಜಿನ ಹತ್ತಿರ ಬರಬಾರದು. ಅವರ ಸಮವಸ್ತ್ರದ ತೋಳಿನಲ್ಲೂ ಕಣಗಳಿರಬಹುದು. ಕೊಠಡಿಯ ಗಾಳಿಗೆ ತೆರೆದಿಟ್ಟ ಒಂದು ಖಾಲಿ ಸ್ಟಬ್ (ಅಂಟುಪಟ್ಟಿಯಿರುವ ಪುಟ್ಟ ಲೋಹದ ಬಿಲ್ಲೆ), ಬಳಸದ ಒಂದು ಸ್ವ್ಯಾಬ್ (ಕಡ್ಡಿಗೆ ಸುತ್ತಿದ ಹತ್ತಿ) ಇವನ್ನು ಹೋಲಿಕೆಗೆಂದು ಜೊತೆಗೆ ಇಡಿ.

2. ಸುಮಾರು 12.7 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಸ್ಟಬ್ ಮೇಲೆ ಕಾರ್ಬನ್ ಅಂಟುಪಟ್ಟಿ ಇರುತ್ತದೆ. ಗಾಯದ ಸುತ್ತಲಿನ ಒಣ ಚರ್ಮಕ್ಕೆ ಒತ್ತಿ, ನೇರ ಮೇಲೆತ್ತಿ. ಉಜ್ಜಬೇಡಿ, ತಿರುಗಿಸಬೇಡಿ. ಅಂಟು ಸತ್ತಂತೆ ಅನಿಸುವವರೆಗೆ ಮಾಡಿ, ಮುಚ್ಚಳ ಹಾಕಿ. ರಂಧ್ರದ ಅಂಚಿಗೆ ಒಂದು, ಅದರಾಚೆ ಸುಮಾರು 5 ಸೆಂ.ಮೀ. ಪಟ್ಟಿಗೆ ಇನ್ನೊಂದು, ದೂರದ ಆರೋಗ್ಯವಂತ ಚರ್ಮಕ್ಕೆ ಹೋಲಿಕೆಯದ್ದು ಹೀಗೆ ಬೇರೆ ಬೇರೆ. ಎಲ್ಲ ಒಂದೇ ಸ್ಟಬ್‌ನಲ್ಲಿ ಸೇರಿಸಿದರೆ ವಿನ್ಯಾಸದ ಮಾಹಿತಿ ಹೋಯಿತು. ರಕ್ತ ತಾಗಿದರೆ ಅಂಟು ಹಿಡಿಯುವುದಿಲ್ಲ, ಮೇಲಾಗಿ ಒಣಗಿದ ರಕ್ತದ ಪೊರೆಯ ಕೆಳಗೆ ಕಣ ಮುಚ್ಚಿಹೋಗಿ ಸೂಕ್ಷ್ಮದರ್ಶಕಕ್ಕೆ ಕಾಣದು. ಒದ್ದೆ ಇದ್ದರೆ ಒಣಗುವ ತನಕ ಕಾಯಿರಿ, ಶವದಲ್ಲಿ ಯಾವ ಅವಸರವೂ ಇಲ್ಲ.

3. ಆಮೇಲೆ ಸ್ವ್ಯಾಬ್. ಪ್ಲಾಸ್ಟಿಕ್ ಕಡ್ಡಿಯ ಹತ್ತಿ, ಶೇ. 5ರ ದುರ್ಬಲ ನೈಟ್ರಿಕ್ ಆಮ್ಲದ ಎರಡು ಹನಿ. ಮರದ ಅಥವಾ ಲೋಹದ ಕಡ್ಡಿ ಬೇಡ, ಅದರಿಂದಲೇ ಲೋಹ ಬಿಡುತ್ತದೆ. ಬದುಕಿರುವ ವ್ಯಕ್ತಿಯ ತೆರೆದ ಗಾಯಕ್ಕೆ ಆಮ್ಲ ತಾಗಿಸಲೇಬಾರದು. ಸುತ್ತಲಿನ ಅಖಂಡ ಚರ್ಮಕ್ಕೂ ಡಿಸ್ಟಿಲ್ಡ್ ವಾಟರ್ ಸಾಕು. ಈ ಸ್ವ್ಯಾಬ್ ಅಟಾಮಿಕ್ ಅಬ್ಸಾರ್ಪ್ಷನ್ ಅಥವಾ ಐಸಿಪಿ ಯಂತ್ರಕ್ಕೆ ಹೋಗುತ್ತದೆ. ಅಲ್ಲಿ ಎಷ್ಟು ಸೀಸ, ಎಷ್ಟು ಬೇರಿಯಂ ಎಂಬ ಮೊತ್ತ ಸಿಗುತ್ತದೆ, ಕಣದ ಆಕಾರ ಸಿಗುವುದಿಲ್ಲ.

4. ಈಗ ಒಂದು ಬದಿಯನ್ನಷ್ಟೇ ಒದ್ದೆ ಹತ್ತಿಯಿಂದ ಒರೆಸಿ ಮತ್ತೆ ಫೋಟೊ ತೆಗೆಯಿರಿ. ಹೋದದ್ದು ಮಸಿ, ಉಳಿದದ್ದು ಚುಕ್ಕೆ. ಒಂದೇ ಚಿತ್ರದಲ್ಲಿ ಎರಡೂ ಸಾಬೀತಾಗುತ್ತದೆ.

5. ಶವದಲ್ಲಿ ಗಾಯವನ್ನು 2.5 ಸೆಂ.ಮೀ. ಅಂಚು ಬಿಟ್ಟು, ಚರ್ಮದಡಿಯ ಕೊಬ್ಬಿನ ಸಮೇತ ಕತ್ತರಿಸಿ. ಚುಕ್ಕೆ ಇನ್ನೂ ದೂರ ಹರಡಿದ್ದರೆ ಅಷ್ಟೂ ಸೇರಿರಲಿ. ಕತ್ತರಿಸುವ ಮುನ್ನವೇ ಎಲ್ಲ ಅಳತೆ ಮುಗಿದಿರಬೇಕು, ಬಿಡಿಸಿದ ಚರ್ಮ ಮುದುಡುತ್ತದೆ. ಮೇಲ್ಭಾಗಕ್ಕೆ 12 ಗಂಟೆಯ ಗುರುತಾಗಿ ಒಂದು ಹೊಲಿಗೆ ಹಾಕಿ, ದಪ್ಪ ರಟ್ಟಿನ ಮೇಲೆ ಮೂಲ ಅಳತೆಗೆ ಎಳೆದು ಪಿನ್ ಚುಚ್ಚಿ. ಎದುರು ಬದಿಯ ದೇಹದಿಂದ ಹೋಲಿಕೆ ಚರ್ಮದ ತುಂಡೊಂದು ಬೇಕು.

ಇಡೀ ತುಂಡನ್ನು ಫಾರ್ಮಲಿನ್‌ಗೆ ಹಾಕುವುದು ಶವಾಗಾರದ ಕೈಗೆ ಅಭ್ಯಾಸವಾಗಿಬಿಟ್ಟಿದೆ. ದ್ರವದಲ್ಲಿ ಸಡಿಲ ಮಸಿ ತೇಲಿಹೋಗುತ್ತದೆ. ಹಿಸ್ಟೋಪೆಥಾಲಜಿಗೆ (ಅಂಗಾಂಶದ ಸೂಕ್ಷ್ಮದರ್ಶಕ ಪರೀಕ್ಷೆಗೆ) ಗಾಯದ ಅಂಚಿನ ಸಣ್ಣ ಪಟ್ಟಿಯೊಂದನ್ನು ಮಾತ್ರ ಶೇ. 10ರ ಫಾರ್ಮಲಿನ್‌ನಲ್ಲಿ ಹಾಕಿ. ಉಳಿದದ್ದನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ಸಾಗಣೆ ತಡವಾಗುವಂತಿದ್ದರೆ ಏನು ಬಳಸಬೇಕು ಎಂದು ಎಫ್‌ಎಸ್‌ಎಲ್‌ನ ಬ್ಯಾಲಿಸ್ಟಿಕ್ಸ್ ವಿಭಾಗಕ್ಕೆ ಒಂದು ಫೋನ್ ಮಾಡಿ ಕೇಳಿ, ಅವರು ಬಯಸುವ ರೀತಿಯಲ್ಲೇ ಕಳಿಸಿ.

ಬಟ್ಟೆ ಮತ್ತು ಚರ್ಮ ಒಂದೇ ಸಾಕ್ಷ್ಯ

ಅಂಗಿಯ ಮೇಲಿಂದ ಹೊಡೆದ ಗುಂಡಿನ ಮಸಿ ಅಂಗಿಯಲ್ಲೇ ನಿಲ್ಲುತ್ತದೆ. ಒಳಗಿನ ಚರ್ಮ ತಿಳಿಯಾಗಿರುತ್ತದೆ. ಬಟ್ಟೆ ನೋಡದೆ ಬರೀ ಗಾಯ ನೋಡಿದವರು ‘ದೂರದ ಗುಂಡು’ ಎಂದು ಬರೆಯುತ್ತಾರೆ. ಈ ಕೆಲಸದಲ್ಲಿ ಅತಿ ದುಬಾರಿ ತಪ್ಪು ಇದು. ಸ್ವೆಟರ್, ಅಂಗಿ, ಬನಿಯನ್ ಮೂರೂ ಇದ್ದರೆ ಮೂರನ್ನೂ ಪದರದ ಕ್ರಮದಲ್ಲಿ ನೋಡಬೇಕು. ಕಾಳುಗಳು ಎರಡು ಪದರದ ನಡುವೆ ಸಿಕ್ಕಿಕೊಂಡಿರುತ್ತವೆ. ಪೋಸ್ಟ್‌ ಮಾರ್ಟಂ ಮಾಡುವವರು ಬಟ್ಟೆಯನ್ನು ಕೇಳಿ ತರಿಸಿಕೊಳ್ಳಬೇಕು. ಆಸ್ಪತ್ರೆಯಲ್ಲೇ ಉಳಿದುಹೋದ ಬಟ್ಟೆ ತನಿಖಾಧಿಕಾರಿಯ ಕೈಗೆ ಬರುವಷ್ಟರಲ್ಲಿ ಮನೆಯವರು ಒಗೆದಿಟ್ಟಿದ್ದೂ ಉಂಟು.

ಕಪ್ಪು ಬಟ್ಟೆ ಅಥವಾ ರಕ್ತದಲ್ಲಿ ನೆಂದ ಬಟ್ಟೆಯಲ್ಲಿ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಇನ್‌ಫ್ರಾರೆಡ್ ಫೋಟೊ ಇಲ್ಲಿ ಕೈಹಿಡಿಯುತ್ತದೆ. 850 ನ್ಯಾನೊಮೀಟರ್ ಆಸುಪಾಸಿನಲ್ಲಿ ಒಣರಕ್ತ ಮತ್ತು ಅನೇಕ ಬಣ್ಣಗಳು ತೆಳ್ಳಗಾಗಿ ಬಿಡುತ್ತವೆ, ಮಸಿ ಮಾತ್ರ ಕಪ್ಪಾಗಿಯೇ ನಿಲ್ಲುತ್ತದೆ. ಉರಿಯದ ಕಾಳುಗಳಿಗೆ 415ರಿಂದ 455 ನ್ಯಾನೊಮೀಟರ್ ನೀಲಿ ಬೆಳಕು, ಕಿತ್ತಳೆ ಫಿಲ್ಟರು. ಅನೇಕ ಕಾಳುಗಳು ಹೊಳೆಯುತ್ತವೆ. ಬಟ್ಟೆಯ ನಾರು, ಸೋಪಿನ ಹುಡಿ ಕೂಡ ಹೊಳೆಯುತ್ತವೆ, ಹಾಗಾಗಿ ಹೊಳೆದದ್ದನ್ನೆಲ್ಲ ಸ್ಟೀರಿಯೊ ಮೈಕ್ರೋಸ್ಕೋಪಿನಡಿ 10ರಿಂದ 40 ಪಟ್ಟಿನಲ್ಲಿ ಖಚಿತ ಮಾಡಿಕೊಳ್ಳಿ.

ಬಣ್ಣದ ಪರೀಕ್ಷೆಗಳು

ಇವು ಪ್ರಯೋಗಾಲಯದ ಕೆಲಸ, ಮುಖ್ಯವಾಗಿ ಬಟ್ಟೆಯ ಮೇಲೆ. ಕ್ರಮ ಹೀಗೆ: ಕಣ್ಣು ಮತ್ತು ಮೈಕ್ರೋಸ್ಕೋಪ್, ನಂತರ ನೈಟ್ರೈಟ್‌ಗೆ ಗ್ರೀಸ್ ಪರೀಕ್ಷೆ, ಕೊನೆಗೆ ಸೀಸಕ್ಕೆ ರೋಡಿಜೋನೇಟ್. ತಿರುಗಿಸಿ ಮಾಡಿದರೆ ರೋಡಿಜೋನೇಟ್‌ನ ದ್ರಾವಣಗಳು ನೈಟ್ರೈಟನ್ನು ಹಾಳುಮಾಡುತ್ತವೆ. ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಪರೀಕ್ಷೆಯ ಸ್ಟಬ್ ಇವೆಲ್ಲಕ್ಕಿಂತ ಮೊದಲೇ ತೆಗೆದಿರಬೇಕು.

ಸುಧಾರಿತ ಗ್ರೀಸ್ ಪರೀಕ್ಷೆಗೆ ಎರಡು ದ್ರಾವಣ. 100 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ 0.5 ಗ್ರಾಂ ಸಲ್ಫಾನಿಲಿಕ್ ಆಮ್ಲ. 100 ಮಿ.ಲೀ. ಮೆಥನಾಲಿಗೆ 0.28 ಗ್ರಾಂ ಆಲ್ಫಾ ನ್ಯಾಫ್ತಾಲ್. ಬಳಸುವ ಹೊತ್ತಿಗೆ ಸಮಪ್ರಮಾಣದಲ್ಲಿ ಬೆರೆಸಿ, ಹೈಪೋದಲ್ಲಿ (ಫೋಟೊ ಫಿಕ್ಸರ್ ದ್ರಾವಣದಲ್ಲಿ) ಬೆಳ್ಳಿ ತೆಗೆದು ತೊಳೆದು ಒಣಗಿಸಿದ ಫೋಟೊ ಪೇಪರನ್ನು ಅದರಲ್ಲಿ ಅದ್ದಿ ಒಣಗಿಸಿ. ಕಾಗದದ ನಾಲ್ಕು ಮೂಲೆಗೆ ಸೋಡಿಯಂ ನೈಟ್ರೈಟ್ ದ್ರಾವಣದ ಗುರುತಿಡಿ, 100 ಮಿ.ಲೀ. ನೀರಿಗೆ 0.6 ಗ್ರಾಂ ಸಾಕು. ಪರೀಕ್ಷೆ ಮುಗಿದಾಗ ನಾಲ್ಕೂ ಮೂಲೆ ಕಿತ್ತಳೆಯಾಗದಿದ್ದರೆ ಆ ಫಲಿತಾಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಕಾಗದದ ಲೇಪನದ ಬದಿ ಮೇಲೆ, ಅದರ ಮೇಲೆ ಬಟ್ಟೆಯ ಗುಂಡು ತಾಗಿದ ಬದಿ ಕೆಳಮುಖವಾಗಿ, ಅದರ ಮೇಲೆ ಶೇ. 15ರ ಅಸಿಟಿಕ್ ಆಮ್ಲದಲ್ಲಿ ಅದ್ದಿ ಹಿಂಡಿದ ತೆಳು ಹತ್ತಿಬಟ್ಟೆ. ಹತ್ತಿಯ ಶಾಖಕ್ಕೆ ಇಟ್ಟ ಇಸ್ತ್ರಿ ಪೆಟ್ಟಿಗೆಯನ್ನು ಒಣಗುವವರೆಗೆ ಒತ್ತಿ. ಆಮ್ಲದ ಆವಿ ಬಟ್ಟೆಯ ಮೂಲಕ ಇಳಿದು ನೈಟ್ರೈಟನ್ನು ನೈಟ್ರಸ್ ಆಮ್ಲ ಮಾಡುತ್ತದೆ, ಅದು ಸಲ್ಫಾನಿಲಿಕ್ ಆಮ್ಲದೊಂದಿಗೆ ಡಯಾಜೋನಿಯಂ ಲವಣವಾಗಿ ನ್ಯಾಫ್ತಾಲಿನ ಜೊತೆ ಕಿತ್ತಳೆ ಬಣ್ಣ ಕೊಡುತ್ತದೆ. ಪ್ರತಿ ಕಿತ್ತಳೆ ಚುಕ್ಕೆ ಒಂದು ಕಾಳು ಕೂತ ಜಾಗ. ರಂಧ್ರದ ಸ್ಥಾನವನ್ನು ಪೆನ್ಸಿಲ್‌ನಲ್ಲಿ ಗುರುತಿಸದೆ ಬಟ್ಟೆ ಎತ್ತಿದರೆ ಚುಕ್ಕೆಗಳ ನಡುಬಿಂದು ಎಲ್ಲೆಂದು ಗೊತ್ತಾಗದು. ಬಟ್ಟೆ ದಪ್ಪವಿದ್ದು ಆವಿ ಇಳಿಯದಿದ್ದರೆ ಕಾಗದಕ್ಕೇ ಆಮ್ಲ ಸವರಿ, ಬಟ್ಟೆಯ ಮೇಲೆ ಮುಖ ಮಾಡಿಟ್ಟು ಕಾಗದದ ಬೆನ್ನಿಗೆ ಇಸ್ತ್ರಿ ಹಾಕಬೇಕು. ಮೆಥನಾಲು ಬೇಗ ಹೊತ್ತಿಕೊಳ್ಳುವಂಥದ್ದು. ಕಾಗದ ಪೂರ್ತಿ ಒಣಗದೆ ಇಸ್ತ್ರಿ ಹತ್ತಿರ ತರಬೇಡಿ, ಕೆಲಸ ಫ್ಯೂಮ್ ಹುಡ್‌ನೊಳಗೇ ನಡೆಯಲಿ.

ರೋಡಿಜೋನೇಟ್‌ಗೆ ಸೋಡಿಯಂ ರೋಡಿಜೋನೇಟ್‌ನ ಸಂತೃಪ್ತ ದ್ರಾವಣ ಬೇಕು. ಕಡುಚಹಾದ ಬಣ್ಣ ಬರುವಷ್ಟು ಪುಡಿ ನೀರಿಗೆ ಹಾಕಿದರೆ ಸಾಕು. ಇದು ಒಂದು ಗಂಟೆಯ ಆಸುಪಾಸಿನಲ್ಲಿ ಸೊರಗುತ್ತದೆ. ನಿನ್ನೆಯ ದ್ರಾವಣದಲ್ಲಿ ಮಾಡಿದ ‘ನೆಗೆಟಿವ್’ಗೆ ಅರ್ಥವಿಲ್ಲ. ಬಫರಿಗೆ 1.9 ಗ್ರಾಂ ಸೋಡಿಯಂ ಬೈಟಾರ್ಟ್ರೇಟ್ ಮತ್ತು 1.5 ಗ್ರಾಂ ಟಾರ್ಟಾರಿಕ್ ಆಮ್ಲವನ್ನು 100 ಮಿ.ಲೀ. ನೀರಿಗೆ ಹಾಕಿ, ಪಿಎಚ್ ಸುಮಾರು 2.8. ಮೊದಲು ರೋಡಿಜೋನೇಟ್ ಸಿಂಪಡಿಸಿ, ಮೇಲೆ ಬಫರ್. ಹಿನ್ನೆಲೆಯ ಹಳದಿ ಹೋಗಿ ಸೀಸವಿದ್ದಲ್ಲಿ ಗುಲಾಬಿ ನಿಲ್ಲುತ್ತದೆ. ಫೋಟೊ ತೆಗೆಯಿರಿ. ನಂತರ ಶೇ. 5ರ ಹೈಡ್ರೋಕ್ಲೋರಿಕ್ ಆಮ್ಲ ಸಿಂಪಡಿಸಿದಾಗ ಗುಲಾಬಿ ನೀಲಿ-ನೇರಳೆಯಾದರೆ ಸೀಸ ಖಚಿತ. ಈ ನೇರಳೆ ಕಣ್ಣೆದುರೇ ಮಾಸುತ್ತದೆ. ಕ್ಯಾಮೆರಾ ಸಿದ್ಧವಿಟ್ಟುಕೊಂಡೇ ಸಿಂಪಡಿಸಬೇಕು.

ಚರ್ಮದ ಮೇಲೆ ನೇರ ಸಿಂಪಡಿಸಬೇಡಿ. ಆಮೇಲಿನ ಹಿಸ್ಟೋಪೆಥಾಲಜಿ, ಎಸ್‌ಇಎಂ ಎರಡೂ ಕೆಡುತ್ತವೆ. ಬಫರಿನಲ್ಲಿ ತೇವ ಮಾಡಿದ ಫಿಲ್ಟರ್ ಪೇಪರನ್ನು ಗಾಯದ ಮೇಲೆ ಅಂಗೈಯಿಂದ ಸಮನಾಗಿ ಒತ್ತಿ, 12 ಗಂಟೆಯ ಗುರುತು ಹಾಕಿ ಎತ್ತಿ, ಆ ಕಾಗದದ ಮೇಲೆ ಪರೀಕ್ಷೆ ಮಾಡಿ. ಕಾಗದ ತೊಟ್ಟಿಕ್ಕುವಷ್ಟು ಒದ್ದೆಯಿದ್ದರೆ ವಿನ್ಯಾಸ ಹರಡಿಕೊಳ್ಳುತ್ತದೆ. ಕಪ್ಪು ಬಟ್ಟೆಗೂ ಇದೇ ಉಪಾಯ. ತಾಮ್ರದ ಹೊದಿಕೆಯ ಗುಂಡಾದರೆ ಡೈಥಯೋಆಕ್ಸಮೈಡ್ ಬೂದು-ಹಸಿರು ಬಣ್ಣ ಕೊಡುತ್ತದೆ. ಅದನ್ನು ಗ್ರೀಸ್ ಮತ್ತು ರೋಡಿಜೋನೇಟ್ ನಡುವೆ ಮಾಡುತ್ತಾರೆ.

ಕರಗಿದ ಮೇಣ ಸುರಿದು ಡೈಫಿನೈಲಮೀನ್ ಹಾಕುವ ಹಳೆಯ ಪ್ಯಾರಾಫಿನ್ ಪರೀಕ್ಷೆ ಕೆಲವು ಪಠ್ಯಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಗೊಬ್ಬರ, ತಂಬಾಕು, ಮೂತ್ರ ಎಲ್ಲಕ್ಕೂ ಅದು ನೀಲಿಯಾಗುತ್ತದೆ. ರೈತನ ಕೈ ನೀಲಿಯಾದರೆ ಅವನು ಯೂರಿಯಾದ ಜೊತೆ ನೈಟ್ರೇಟ್ ಗೊಬ್ಬರವನ್ನೂ ಎರಚಿರಬಹುದು, ಅಷ್ಟೆ. ಮಾಡಬೇಡಿ.

ಎಸ್‌ಇಎಂ-ಇಡಿಎಕ್ಸ್ ಹೇಳುವುದು, ಹೇಳದಿರುವುದು

ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಎಕ್ಸ್-ಕಿರಣ ವಿಶ್ಲೇಷಕ ಜೋಡಿಸಿ ಒಂದೊಂದೇ ಕಣದ ಆಕಾರ ಮತ್ತು ಧಾತು ಎರಡನ್ನೂ ನೋಡುವ ವಿಧಾನ 1970ರ ದಶಕದಲ್ಲಿ ನೆಲೆಗೊಂಡಿತು. ಇಂದಿನ ಮಾನದಂಡ ಎಎಸ್‌ಟಿಎಂ ಇ1588. ಸ್ಟಬ್‌ಗೆ ಕಾರ್ಬನ್ ಲೇಪಿಸಿ, 20ರಿಂದ 25 ಕಿಲೋವೋಲ್ಟ್‌ನಲ್ಲಿ ಬ್ಯಾಕ್‌ಸ್ಕ್ಯಾಟರ್ ಚಿತ್ರದಲ್ಲಿ ಹೊಳೆಯುವ ಭಾರಲೋಹದ ಕಣಗಳನ್ನು ಯಂತ್ರವೇ ಹುಡುಕುತ್ತದೆ. ಕಣಗಳು ಹೆಚ್ಚಾಗಿ 0.5ರಿಂದ 10 ಮೈಕ್ರಾನ್, ಕರಗಿ ತಣಿದದ್ದರಿಂದ ಗುಂಡಗೆ. ಸೀಸ-ಬೇರಿಯಂ-ಆಂಟಿಮನಿ ಮೂರೂ ಒಂದೇ ಕಣದಲ್ಲಿದ್ದರೆ ಗುಂಡಿನ ಅವಶೇಷದ ವಿಶಿಷ್ಟ ಲಕ್ಷಣ. ಎರಡೇ ಇದ್ದರೆ ‘ಹೊಂದುತ್ತದೆ’ ಎನ್ನಬಹುದು, ಮುಂದಿನ ಮಾತು ಬೇಡ. ಯಂತ್ರ ಎತ್ತಿಕೊಟ್ಟ ಪ್ರತಿ ಮುಖ್ಯ ಕಣವನ್ನೂ ಪರೀಕ್ಷಕರು ಕೈಯಾರೆ ಮತ್ತೆ ನೋಡಬೇಕು.

ದೀಪಾವಳಿಯ ಪಟಾಕಿಯಲ್ಲಿ ಬೇರಿಯಂ ಇರುತ್ತದೆ, ಆದರೆ ಜೊತೆಗೆ ಅಲ್ಯೂಮಿನಿಯಂ, ಪೊಟ್ಯಾಸಿಯಂ, ಸ್ಟ್ರಾನ್ಷಿಯಂ ಕೂಡ ಬರುತ್ತವೆ. ಬ್ರೇಕ್ ಪ್ಯಾಡಿನ ಹುಡಿಯಲ್ಲಿ ಆಂಟಿಮನಿ, ಬೇರಿಯಂ ಜೊತೆ ಕಬ್ಬಿಣ ಹೇರಳ. ಸ್ಟಬ್‌ನಲ್ಲಿ ಒಟ್ಟು ಯಾವ ಕಣಗಳ ಗುಂಪಿದೆ ಎಂಬುದನ್ನು ನೋಡಿದರೆ ಈ ಗೊಂದಲ ಬಹುಪಾಲು ಬಗೆಹರಿಯುತ್ತದೆ. .22 ರಿಮ್‌ಫೈರ್ ತೋಟಾಗಳಲ್ಲಿ ಅನೇಕವಕ್ಕೆ ಆಂಟಿಮನಿಯೇ ಇಲ್ಲ. ಸೀಸರಹಿತ ಪ್ರೈಮರುಗಳಲ್ಲಿ ಟೈಟಾನಿಯಂ ಮತ್ತು ಸತು ಸಿಗುವುದುಂಟು. ತೋಟಾದ ಖಾಲಿ ಕವಚವನ್ನೂ ಕಳಿಸಿ ಅದರೊಳಗಿನ ಅವಶೇಷದೊಂದಿಗೆ ಹೋಲಿಸಿದರೆ ಮಾತ್ರ ಇಂಥ ಕೇಸು ನಿಲ್ಲುತ್ತದೆ.

ದೂರದ ಅಂದಾಜು

ಪುಸ್ತಕದ ಕೋಷ್ಟಕದಿಂದ ದೂರ ಬರೆಯಬಾರದು. ವಶಪಡಿಸಿಕೊಂಡ ಅದೇ ಬಂದೂಕು, ಅದೇ ತಯಾರಿಕೆಯ ತೋಟಾ, ಸಾಧ್ಯವಾದರೆ ಬಟ್ಟೆಯೂ ಅದೇ ಬಗೆಯದು. 5, 10, 15, 30, 45, 60, 90 ಸೆಂ.ಮೀ.ಗಳಲ್ಲಿ ಬಿಳಿ ಹತ್ತಿ ಬಟ್ಟೆಗೆ ಹಾರಿಸಿ, ಪ್ರತಿ ದೂರಕ್ಕೂ ಕನಿಷ್ಠ ಎರಡು ಸಲ. ಅವುಗಳ ಮೇಲೂ ಅದೇ ಗ್ರೀಸ್, ರೋಡಿಜೋನೇಟ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿದರೆ ‘15 ಸೆಂ.ಮೀ.ಗಿಂತ ಹೆಚ್ಚು, 45ಕ್ಕಿಂತ ಕಡಿಮೆ’ ಎಂಬಂಥ ಉತ್ತರ ಬರುತ್ತದೆ. ಪ್ರಾಮಾಣಿಕ ಉತ್ತರ ಯಾವಾಗಲೂ ಎರಡು ಅಂಕಿಗಳ ನಡುವೆ ಇರುತ್ತದೆ. ‘ಸುಮಾರು 32 ಸೆಂ.ಮೀ.’ ಎಂದು ಬರೆದವರನ್ನು ಪಾಟೀಸವಾಲಿನಲ್ಲಿ ಉಳಿಸುವುದು ಕಷ್ಟ.

ಕೇಪಿನ ಕೋವಿ ಮತ್ತು ನಾಡಪಿಸ್ತೂಲು

ಮಲೆನಾಡು, ಕೊಡಗಿನ ಕೇಸುಗಳಲ್ಲಿ ತೋಟೆಕೋವಿ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಎರಡೂ ಬರುತ್ತವೆ. ಕರಿಮದ್ದು ಉರಿದಾಗ ಬಹುಭಾಗ ಅನಿಲವಾಗದೆ ಗಟ್ಟಿ ಶೇಷವಾಗಿ ಉಳಿಯುತ್ತದೆ. ಮಸಿ ದಪ್ಪ, ಸುಟ್ಟ ಗಾಯ ಜಾಸ್ತಿ, ಗಟ್ಟಿಸಿದ ಚಿಂದಿ ಅಥವಾ ನಾರು ಗಾಯದೊಳಗೇ ಸಿಕ್ಕೀತು. ಅದನ್ನು ಒಣಗಿಸಿ ಕಾಗದದಲ್ಲಿ ಕಳಿಸಿ, ಕೋವಿಯನ್ನು ಪತ್ತೆ ಹಚ್ಚಲು ಅದಕ್ಕಿಂತ ಒಳ್ಳೆಯ ಸುಳಿವು ಕೆಲವೊಮ್ಮೆ ಬೇರೆ ಇರುವುದಿಲ್ಲ. ಇಲ್ಲಿ ಗಂಧಕ, ಪೊಟ್ಯಾಸಿಯಂ ಹುಡುಕಬೇಕು. ಹಳೆಯ ಕೇಪುಗಳಲ್ಲಿ ಪಾದರಸವೂ ಇರಬಹುದು, ಬೇರಿಯಂ ಇಲ್ಲದಿರಬಹುದು. ತ್ರಿವಳಿ ಸಿಗಲಿಲ್ಲವೆಂದು ಕೈಚೆಲ್ಲಬೇಡಿ, ಆದರೆ ಕೇಪಿನ ಕೋವಿಯ ಕೇಸೆಂದು ಕಳಿಸುವ ಪತ್ರದಲ್ಲೇ ಬರೆಯದಿದ್ದರೆ ಪ್ರಯೋಗಾಲಯ ಸಾಮಾನ್ಯ ಪಟ್ಟಿಯಲ್ಲಷ್ಟೇ ಹುಡುಕುತ್ತದೆ. ನಾಡಪಿಸ್ತೂಲಿನಲ್ಲಿ ನಳಿಗೆ ತೋಟಾಕ್ಕೆ ಸರಿಹೊಂದದೆ ಅನಿಲ ಸೋರುತ್ತದೆ, ಒಂದು ಹೊಡೆತ ಇನ್ನೊಂದರಂತಿರುವುದಿಲ್ಲ. ಪರೀಕ್ಷಾ ಹೊಡೆತಗಳನ್ನು ದೂರದಿಂದ, ಹಗ್ಗ ಕಟ್ಟಿಯೇ ಹಾರಿಸಿ. ದೂರದ ವ್ಯಾಪ್ತಿಯನ್ನು ಇನ್ನಷ್ಟು ಅಗಲವಾಗಿಯೇ ಕೊಡಬೇಕಾಗುತ್ತದೆ.

ಕೊಡಗಿನಲ್ಲಿ ಸಾವಿನ ಸುದ್ದಿ ತಿಳಿಸಲು ಕೋವಿ ಹಾರಿಸುವ ಪದ್ಧತಿಯಿದೆ. ಹಾಗಾಗಿ ಮನೆಯವರ ಕೈಯಲ್ಲಿ ಅವಶೇಷ ಸಿಕ್ಕಿದರೆ ಅದು ಯಾವ ಹೊಡೆತದ್ದು ಎಂಬ ಪ್ರಶ್ನೆ ಉಳಿಯುತ್ತದೆ. ಗಾಯದ ಸುತ್ತಲಿನ ವಿನ್ಯಾಸಕ್ಕೆ ಈ ತೊಡಕಿಲ್ಲ.

ಮೊಹರು, ಪತ್ರ, ವರದಿ

ಪ್ರತಿ ವಸ್ತುವಿಗೆ ಪ್ರತ್ಯೇಕ ಕಾಗದದ ಲಕೋಟೆ, ಕ್ರಮಸಂಖ್ಯೆ, ಅಪರಾಧ ಸಂಖ್ಯೆ, ಎತ್ತಿದ ಜಾಗ, ದಿನಾಂಕ, ಸಮಯ, ಸಹಿ. ಅರಗಿನ ಮೊಹರು, ಮಾದರಿ ಮೊಹರಿನ ಅಚ್ಚು ಬೇರೆ ಹಾಳೆಯಲ್ಲಿ. ಪೊಲೀಸರಿಗೆ ಕೊಡುವಾಗ ರಸೀದಿ ಪಡೆಯಿರಿ. ಬಂದೂಕು ಮತ್ತು ಗಾಯದ ಮಾದರಿಯನ್ನು ಒಂದೇ ಪೆಟ್ಟಿಗೆಯಲ್ಲಿ ಕಳಿಸಿದರೆ ಕಣಗಳು ಅಲ್ಲಿಂದಿಲ್ಲಿಗೆ ಬಂದವು ಎಂಬ ವಾದಕ್ಕೆ ಉತ್ತರವೇ ಇರುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಪೊಲೀಸರ ಶವಪಂಚನಾಮೆ. 176(3)ನೇ ಕಲಂ 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧದಲ್ಲಿ ಫೊರೆನ್ಸಿಕ್ ತಜ್ಞರು ಘಟನಾ ಸ್ಥಳಕ್ಕೆ ಬರುವ ವ್ಯವಸ್ಥೆ ಹೇಳುತ್ತದೆ. ಅವರು ಬಂದಿದ್ದರೆ ಮಾದರಿ ಎತ್ತುವ ಕೆಲಸ ಅವರ ಕೈಯಲ್ಲೇ ಆಗಲಿ.

ಎಫ್‌ಎಸ್‌ಎಲ್‌ಗೆ ಕೇಳುವ ಪ್ರಶ್ನೆ ಸ್ಪಷ್ಟವಿರಬೇಕು. ‘ಪರೀಕ್ಷಿಸಿ ವರದಿ ನೀಡಿ’ ಎಂಬ ಪತ್ರಕ್ಕೆ ಅಷ್ಟೇ ಸಡಿಲ ಉತ್ತರ ಬರುತ್ತದೆ. ರಂಧ್ರ ಗುಂಡಿನಿಂದ ಆದದ್ದೇ, ಅಂಚಿನಾಚೆ ಮದ್ದಿನ ಕಾಳು ಇವೆಯೇ, ಇದ್ದರೆ ಎಷ್ಟು ವ್ಯಾಪ್ತಿ, ಕಳಿಸಿದ ಬಂದೂಕು-ತೋಟಾದಿಂದ ಆ ವ್ಯಾಪ್ತಿ ಯಾವ ದೂರದ ಮಿತಿಯಲ್ಲಿ ಬರುತ್ತದೆ ಎಂದು ಒಂದೊಂದಾಗಿ ಕೇಳಿ. ಗಾಯ ತೊಳೆದಿದ್ದರೆ, ಮಳೆಯಲ್ಲಿ ನೆನೆದಿದ್ದರೆ, ಬಟ್ಟೆ ಸಿಕ್ಕಿಲ್ಲವಾದರೆ ಅದನ್ನೂ ಬರೆಯಿರಿ.

ಏನೂ ಸಿಗದಿದ್ದಾಗ ವೈದ್ಯರ ಅಭಿಪ್ರಾಯ ‘ದೂರದಿಂದ’ ಎಂದಿರಬಾರದು. ‘ಗಾಯದ ಸುತ್ತ ಮತ್ತು ಕಳಿಸಿದ ಬಟ್ಟೆಯಲ್ಲಿ ಮಸಿ, ಮದ್ದಿನ ಚುಕ್ಕೆ ಕಂಡುಬಂದಿಲ್ಲ. ಗಾಯವನ್ನು ಮೊದಲ ಆಸ್ಪತ್ರೆಯಲ್ಲಿ ತೊಳೆಯಲಾಗಿದೆ. ಅಂತರದ ಬಗ್ಗೆ ಅಭಿಪ್ರಾಯ ಸಾಧ್ಯವಿಲ್ಲ’ ಎಂದು ಬರೆಯಿರಿ. ಬಟ್ಟೆ ಸಿಕ್ಕಿ, ತೊಳೆಯದೆ ಬಂದು, ಎಲ್ಲ ಪದರವೂ ಶುದ್ಧವಿದ್ದು, ನಡುವೆ ಬಾಗಿಲು ದಿಂಬುಗಳಂಥ ಅಡ್ಡವಸ್ತು ಇರಲಿಲ್ಲವೆಂದು ಮಹಜರಿನಿಂದ ತಿಳಿದಿದ್ದರೆ ಮಾತ್ರ, ಪರೀಕ್ಷಾ ಹೊಡೆತದಲ್ಲಿ ಅವಶೇಷ ಕೊನೆಯದಾಗಿ ಕಂಡ ದೂರವನ್ನು ಹೆಸರಿಸಿ, ಅದಕ್ಕಿಂತ ಆಚೆಯಿಂದ ಎನ್ನಬಹುದು.